ನಿನ್ನೆಯ ಸಾರು ನಿನಗೆ ಬೇಡ, ಮಗಳೇ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಮಳೆ ಹಿಡಿದಿದ್ದು ಬಿಟ್ಟೇ ಇಲ್ಲ. ಮೂರು ದಿನದಿಂದ ಕರೆಂಟಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿದೆಯಂತೆ. ಫೋನ್ ಸತ್ತು ಕೂತಿದೆ, ಅದಕ್ಕೇ ಕಾಗದ. ಫೋನಲ್ಲಿ ಹೇಳಿ ಮುಗಿಸುವ ಮಾತೂ ಇದಲ್ಲ.

ನಿನ್ನ ಅಮ್ಮ ಮೊನ್ನೆ ಬಂದಿದ್ದಳು. ನಿನ್ನ ಅರೆತಲೆನೋವಿಗೆ ಟೈರಮಿನ್ ಅನ್ನುವ ರಾಸಾಯನಿಕ ಜಾಸ್ತಿ ಇರುವ ಪದಾರ್ಥ ಬಿಟ್ಟು ನೋಡಿ ಅಂತ ಡಾಕ್ಟರು ಹೇಳಿದ್ದಾರಂತೆ. ಅವತ್ತಿನಿಂದ ನೀನು ಗಂಜಿ, ಉಪ್ಪು, ಒಂದು ಲೋಟ ಹಾಲು ಅಂತ ದಿನ ದೂಡುತ್ತಿದ್ದೀಯಂತೆ. ಎರಡು ತಿಂಗಳಲ್ಲಿ ಐದು ಕೆಜಿ ಇಳಿದಿದ್ದೀಯಂತೆ. ಅದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈ ತಲೆನೋವು ಏನು ಅಂತ ನನಗೆ ಗೊತ್ತು. ಇಪ್ಪತ್ತು ವರ್ಷ ಅದರ ಜೊತೆ ಬಾಳಿದವಳು ನಾನು. ನೀನು ಬಿಡಬೇಕಾದ್ದನ್ನು ಬಿಡದೆ, ತಿನ್ನಬೇಕಾದ್ದನ್ನು ಬಿಟ್ಟಿದ್ದೀಯೇನೋ ಅಂತ ನನ್ನ ಅನುಮಾನ.

ನನ್ನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ತಲೆನೋವು ಶುರುವಾಯಿತು. ಎಡಗಣ್ಣಿನ ಹಿಂದೆ ಯಾರೋ ಉಳಿ ಇಟ್ಟು ಹೊಡೆದಂತೆ. ಬೆಳಕು ಕಂಡರಾಗದು, ಒಗ್ಗರಣೆ ವಾಸನೆಗೆ ವಾಂತಿ. ಪಿತ್ತ ಅಂದರು, ದೃಷ್ಟಿ ಅಂದರು. ಒಬ್ಬ ಡಾಕ್ಟರು ಸುಮ್ನೆ ಯೋಚನೆ ಜಾಸ್ತಿ ಮಾಡ್ತೀರಿ ಅಂದುಬಿಟ್ಟರು. ಹಣೆಗೆ ಅಮೃತಾಂಜನ ಬಳಿದುಕೊಂಡು, ಸೆರಗು ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದೆ.

ಒಂದು ವರ್ಷ ಮಾರ್ಚಿಯಲ್ಲಿ ರಜೆಯ ಲೆಕ್ಕ ಹಾಕಲು ಶಾಲೆಯ ಹಾಜರಿ ಪುಸ್ತಕ ತೆಗೆದೆ. ನನ್ನ ಹೆಸರಿನ ಮುಂದಿನ ರಜೆಗಳೆಲ್ಲ ಹೆಚ್ಚುಕಮ್ಮಿ ಮಂಗಳವಾರ. ಇಲ್ಲದಿದ್ದರೆ ಯಾವುದೋ ಮದುವೆ, ದೇವರ ಕಾರ್ಯ ಆದ ಮರುದಿನ, ಅದರ ಮರುದಿನ. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಆದರೂ ನನ್ನ ಮೈಯ ಲೆಕ್ಕ ಅಲ್ಲಿಯವರೆಗೆ ನೋಡಿರಲಿಲ್ಲ. ಮಂಗಳವಾರ ಯಾಕೆ?

ಭಾನುವಾರ ನಮ್ಮಲ್ಲಿ ಮೀನು. ದೊಡ್ಡ ಮಡಕೆಯಲ್ಲಿ ಸಾರು. ನಿನಗೆ ಗೊತ್ತಲ್ಲ, ಮೀನು ಸಾರು ಮಾಡಿದ ದಿನಕ್ಕಿಂತ ಮರುದಿನ ರುಚಿ ಅನ್ನುತ್ತಾರೆ. ರಾತ್ರಿ ಎಲ್ಲರೂ ಉಂಡ ಮೇಲೆ ಅತ್ತೆ ಅದನ್ನು ಒಂದು ಕುದಿ ಕುದಿಸಿ ಒಲೆಯ ಪಕ್ಕ ಇಡುತ್ತಿದ್ದರು. ಸೋಮವಾರ ಬೆಳಿಗ್ಗೆ ಇನ್ನೊಂದು ಕುದಿ. ಗಂಡಸರಿಗೆ, ಮಕ್ಕಳಿಗೆ ಹೊಸ ಅಡುಗೆ. ಉಳಿದ ಸಾರು ಯಾರಿಗೆ? ನನಗೆ, ಅತ್ತೆಗೆ. ಸೋಮವಾರ ಮಧ್ಯಾಹ್ನ ಬುತ್ತಿಗೂ ಅದೇ, ರಾತ್ರಿಗೂ ಅದೇ. ಮಡಕೆಯ ತಳದಲ್ಲಿ ಮೀನು ಕರಗಿ, ಹುಳಿ-ಖಾರ ಹೀರಿ, ಸಾರು ಗಸಿಯಾಗಿರುತ್ತಿತ್ತು. ಬೆರಳಲ್ಲಿ ಬಳಿದು ತಿನ್ನುತ್ತಿದ್ದೆ. ಮಂಗಳವಾರ ಬೆಳಗಿನ ಜಾವ ಕಣ್ಣಿನ ಹಿಂದೆ ಉಳಿ.

ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾವು ನಂಬಿದ್ದೇವೆ. ನನಗೆ ಕೊನೆಗೆ ಅರ್ಥವಾಗಿದ್ದು ಇದು. ಮೀನು, ಮಾಂಸ, ಬೇಳೆ, ಹಾಲು ಎಲ್ಲದರಲ್ಲೂ ಪ್ರೋಟೀನ್ ಇದೆ. ಅದರಲ್ಲಿ ಟೈರೋಸಿನ್ ಅಂತ ಒಂದು ಅಮೈನೋ ಆಮ್ಲ. ಪದಾರ್ಥ ಹಳತಾದಾಗ, ಹುಳಿ ಬಂದಾಗ, ಕೆಡಲು ಶುರುವಾದಾಗ ಬ್ಯಾಕ್ಟೀರಿಯಾಗಳು ಆ ಟೈರೋಸಿನ್ನನ್ನು ಟೈರಮಿನ್ ಮಾಡುತ್ತವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅದು ಅಷ್ಟೊತ್ತಿಗೆ ಮಾಡಿಟ್ಟ ಟೈರಮಿನ್ ಹಾಗೇ ಉಳಿಯುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಇನ್ನು ನಮ್ಮ ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಒಂದು ಕಪಾಟು ಅಷ್ಟೇ.

ಹೊಟ್ಟೆಗೆ ಹೋದ ಟೈರಮಿನ್ನನ್ನು ಒಡೆದುಹಾಕಲು ನಮ್ಮ ಕರುಳಲ್ಲಿ, ಲಿವರಿನಲ್ಲಿ ಮೊನೊಅಮೈನ್ ಆಕ್ಸಿಡೇಸ್ ಅನ್ನುವ ಕಿಣ್ವ ಇದೆ. ಅದರ ಕೈ ತಪ್ಪಿ ರಕ್ತಕ್ಕೆ ಹೋದ ಟೈರಮಿನ್ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಹೊರಗೆ ಬರುವ ಹಾಗೆ ಮಾಡುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅರೆತಲೆನೋವು ಇರುವವರಿಗೆಲ್ಲ ಇದೇ ಕಾರಣ ಅಂತ ತಿಳಿಯಬೇಡ. ಕೆಲವರಿಗೆ ತಾಗುತ್ತದೆ, ಇನ್ನೆಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ನಿನಗೆ ತಾಗುತ್ತದೋ ಇಲ್ಲವೋ ನೀನೇ ಕಂಡುಕೊಳ್ಳಬೇಕು.

ಅದಕ್ಕೇ ಪುಟ್ಟಿ, ಪದಾರ್ಥದ ಹೆಸರು ನೋಡಿ ಹೆದರಬೇಡ, ಅದರ ವಯಸ್ಸು ಕೇಳು. ಮೀನು ನಿನ್ನ ಶತ್ರು ಅಲ್ಲ. ಮೊದಲ ಮಳೆಗೆ ಗದ್ದೆಗೆ ಹತ್ತಿದ ಮೀನನ್ನು ಅವತ್ತೇ ಹಿಡಿದು ಅವತ್ತೇ ಸಾರು ಮಾಡಿದರೆ ಹೊಟ್ಟೆ ತುಂಬ ಉಣ್ಣು. ಅದೇ ಮೀನಿನ ಮೂರನೇ ದಿನದ ಸಾರು ಬೇಡ. ಪೇಟೆಯಲ್ಲಿ ಮೀನು ತಂದರೆ ಅವತ್ತೇ ತೊಳೆದು, ಒಂದೊಂದು ಹೊತ್ತಿಗೆ ಬೇಕಾದಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರಿಗೆ ಇಡು. ತೆಗೆದ ದಿನವೇ ಮಾಡಿ ಮುಗಿಸು. ಒಣಮೀನು, ಒಣ ಸೀಗಡಿ ಚಟ್ನಿ ಮಾತ್ರ ಬಿಟ್ಟುಬಿಡು. ಮಳೆಗಾಲದಲ್ಲಿ ಕಡುಬಿನ ಜೊತೆ ಅದಿಲ್ಲದೆ ಹೇಗೆ ಅಂತ ನನಗೂ ಅನಿಸಿದೆ. ಕಷ್ಟವೇ. ಆದರೆ ಅದನ್ನು ತಿಂದ ಮರುದಿನದ ಕಷ್ಟ ಅದಕ್ಕಿಂತ ದೊಡ್ಡದು.

ನೀನು ತಿಂಡಿ ಬಿಟ್ಟಿದ್ದು ನನಗೆ ಬೇಜಾರಾದ ಇನ್ನೊಂದು ಸಂಗತಿ. ಇಡ್ಲಿ, ದೋಸೆ ಹಿಟ್ಟು ಹುದುಗು ಬಂದದ್ದು ಅಂತ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬ್ಯಾಂಕಿಗೆ ಹೋಗುತ್ತೀಯಂತೆ. ಹಸಿವೇ ತಲೆನೋವು ತರುತ್ತದೆ ಮಗಳೇ! ನಮ್ಮ ಕಡೆ ಹುದುಗು ಬಾರದ ತಿಂಡಿಗೆ ಬರವೇ? ಅಕ್ಕಿ ರೊಟ್ಟಿ ಇದೆ. ಕಡುಬು ಇದೆ. ಒತ್ತು ಶಾವಿಗೆ ಇದೆ. ನೀರು ದೋಸೆಗೆ ಅಕ್ಕಿ ರುಬ್ಬಿದ ತಕ್ಷಣ ಕಾವಲಿಗೆ ಹೊಯ್ಯಬಹುದು. ಇಡ್ಲಿ ತಿನ್ನಲೇಬೇಕು ಅನಿಸಿದರೆ ನಿನ್ನೆ ಸಂಜೆ ರುಬ್ಬಿ ಇವತ್ತು ಬೆಳಿಗ್ಗೆ ಬೇಯಿಸಿದ್ದು ತಿಂದು ನೋಡು. ಫ್ರಿಜ್ಜಿನಲ್ಲಿ ನಾಲ್ಕು ದಿನ ಕೂತು ಹುಳಿ ಹುಳಿಯಾದ ಹಿಟ್ಟು ಮಾತ್ರ ಬೇಡ.

ಮೊಸರೂ ಹಾಗೇ. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಗಟ್ಟಿಯಾದ ಸಿಹಿ ಮೊಸರು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಹಲ್ಲು ಜುಮ್ಮೆನ್ನುವ ಹಳೇ ಮೊಸರು ಬೇಡ. ಪನೀರ್ ತಿನ್ನಬಹುದು, ತಾಜಾ ಇರಲಿ. ತಿಂಗಳುಗಟ್ಟಲೆ ಇಟ್ಟು ಹದಮಾಡಿದ ಚೀಸ್ ಮುಟ್ಟಬೇಡ. ಟೈರಮಿನ್ ಅನ್ನುವ ಹೆಸರೇ ಚೀಸಿನ ಗ್ರೀಕ್ ಪದದಿಂದ ಬಂದದ್ದು. ಚೀಸಿಗೆ ಕೆಲವು ಪುಸ್ತಕಗಳಲ್ಲಿ ಗಿಣ್ಣು ಅಂತ ಬರೆದಿರುತ್ತಾರೆ. ಅದನ್ನು ಓದಿ ನಮ್ಮ ಗಿಣ್ಣು ಬಿಡಬೇಡ. ಕರು ಹಾಕಿದ ಹಸುವಿನ ಹಾಲಿನಲ್ಲಿ ಅವತ್ತೇ ಮಾಡುವ ಗಿಣ್ಣಿಗೂ ಚೀಸಿಗೂ ಸಂಬಂಧವಿಲ್ಲ.

ನಿನಗೆ ಗೋಬಿ ಮಂಚೂರಿ ಇಷ್ಟ ಅಂತ ಗೊತ್ತು. ಹೂಕೋಸಿನದ್ದೇನೂ ತಪ್ಪಿಲ್ಲ. ಅದಕ್ಕೆ ಹಾಕುವ ಸೋಯಾ ಸಾಸ್ ತಿಂಗಳುಗಟ್ಟಲೆ ಹುದುಗು ಬರಿಸಿದ್ದು. ಮನೆಯಲ್ಲಿ ಸಾಸಿಲ್ಲದೆ, ಈರುಳ್ಳಿ-ಮೆಣಸು ಹಾಕಿ ಮಾಡಿಕೋ. ಬಾಳೆಹಣ್ಣು ತಿನ್ನು, ಸಿಪ್ಪೆ ಕಪ್ಪಾಗಿ ಮೆತ್ತಗಾದದ್ದು ಬೇಡ. ಕಪ್ಪಾದ ಹಣ್ಣು ಹಾಳಾಗಬಾರದು ಅಂತ ನಾವು ಮುಳಕ ಮಾಡುತ್ತೇವಲ್ಲ, ಅದನ್ನು ಮನೆಯವರು ತಿನ್ನಲಿ.

ಅಪ್ಪೆಮಿಡಿ ಉಪ್ಪಿನಕಾಯಿಯ ವಿಷಯಕ್ಕೆ ಬರುತ್ತೇನೆ. ಅದನ್ನೂ ಬಿಟ್ಟೆ ಅಂತ ನಿನ್ನ ಅಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. ಮಾವಿನ ಮಿಡಿಯಲ್ಲಿ ಪ್ರೋಟೀನ್ ತೀರಾ ಕಮ್ಮಿ. ಚೀಸಿನ ಸಾಲಿಗೆ ಅದನ್ನು ಸೇರಿಸಲು ನನಗೆ ಮನಸ್ಸಿಲ್ಲ. ಆದರೂ ವರ್ಷ ದಾಟಿದ ಪದಾರ್ಥ. ಈಗ ಒಂದು ತಿಂಗಳು ಬಿಡು. ತಲೆನೋವು ಹತೋಟಿಗೆ ಬಂದ ಮೇಲೆ ಒಂದು ದಿನ ಅರ್ಧ ಮಿಡಿ ತಿನ್ನು, ಅವತ್ತು ಬೇರೆ ಹೊಸ ಪದಾರ್ಥ ಏನೂ ಬೇಡ. ಎರಡು ದಿನ ನೋಡು. ನನಗೆ ಅದು ಏನೂ ಮಾಡಲಿಲ್ಲ, ಇವತ್ತಿಗೂ ತಿನ್ನುತ್ತೇನೆ. ನಿನ್ನ ಮೈ ನಿನ್ನದು.

ಹೀಗೆ ಒಂದೊಂದೇ ನೋಡುವುದಕ್ಕೆ ಒಂದು ನೋಟ್‌ಬುಕ್ ಇಡು. ಏನು ತಿಂದೆ ಅಂತ ಮಾತ್ರ ಬರೆದರೆ ಸಾಲದು, ಅದನ್ನು ಯಾವಾಗ ಮಾಡಿದ್ದು ಅಂತಲೂ ಬರೆ. ತಲೆನೋವು ಬಂದ ಹೊತ್ತು, ನಿದ್ದೆ ಎಷ್ಟು, ಮುಟ್ಟಿನ ದಿನ ಯಾವುದು, ಊಟ ತಪ್ಪಿತಾ, ಎಲ್ಲವೂ ಇರಲಿ. ತಿಂದ ಕೂಡಲೇ ನೋವು ಬರುವುದಿಲ್ಲ. ಎಷ್ಟೋ ಗಂಟೆ ಕಳೆದು, ಕೆಲವು ಸಲ ಮರುದಿನ ಬರುತ್ತದೆ. ಅದಕ್ಕೇ ನೆನಪಿನ ಮೇಲೆ ಹೋದರೆ ಕಳ್ಳ ಸಿಗುವುದಿಲ್ಲ. ಒಂದು ತಿಂಗಳು ಬಿಟ್ಟರೂ ಏನೂ ವ್ಯತ್ಯಾಸ ಕಾಣದಿದ್ದರೆ ಟೈರಮಿನ್ ನಿನ್ನ ಕಾರಣ ಅಲ್ಲದಿರಬಹುದು. ಆಗ ಡಾಕ್ಟರಿಗೆ ಆ ಪುಸ್ತಕ ತೋರಿಸು, ಸುಮ್ನೆ ಪಥ್ಯ ಎಳೆಯಬೇಡ. ಕಾಫಿ ಒಮ್ಮೆಲೇ ನಿಲ್ಲಿಸಬೇಡ, ಅದಕ್ಕೂ ತಲೆ ಸಿಡಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಟೈರಮಿನ್ ಒಡೆಯುವ ಆ ಕಿಣ್ವವನ್ನೇ ತಡೆಯುವ ಮಾತ್ರೆಗಳಿವೆ. ಖಿನ್ನತೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ಆ ಜಾತಿಯವು. ಲಿನೆಜೋಲಿಡ್ ಅನ್ನುವ ಆಂಟಿಬಯೋಟಿಕ್ಕಿಗೂ ಸ್ವಲ್ಪ ಆ ಗುಣ ಇದೆ. ಮದ್ದಿಗೆ ಬಗ್ಗದ ಕ್ಷಯಕ್ಕೆ ಅದನ್ನು ಕೊಡುತ್ತಾರೆ. 1960ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಖಿನ್ನತೆಯ ಆ ಮಾತ್ರೆ ನುಂಗುತ್ತಿದ್ದ ಕೆಲವರು ಚೀಸ್ ತಿಂದು ತಲೆ ಸಿಡಿದು ಒದ್ದಾಡುತ್ತಿದ್ದರು. ಕಾರಣ ಯಾರಿಗೂ ಹೊಳೆದಿರಲಿಲ್ಲ. ಒಬ್ಬ ಫಾರ್ಮಸಿಸ್ಟ್ ಆ ಮಾತ್ರೆ ನುಂಗುತ್ತಿದ್ದ ತನ್ನ ಹೆಂಡತಿಗೆ ಚೀಸ್ ತಿಂದಾಗ ಹೀಗಾಗುವುದನ್ನು ಗಮನಿಸಿ ಲಂಡನ್ನಿನ ಬ್ಯಾರಿ ಬ್ಲ್ಯಾಕ್‌ವೆಲ್ ಅನ್ನುವ ಡಾಕ್ಟರಿಗೆ ಕಾಗದ ಬರೆದ. ಬ್ಲ್ಯಾಕ್‌ವೆಲ್ ಅದನ್ನು ಹಿಡಿದು ಹೋಗಿ 1963ರಲ್ಲಿ ಬರೆದು ಪ್ರಕಟಿಸಿದರು. ಮನೆಯವಳ ಊಟವನ್ನು ಒಬ್ಬ ಗಂಡ ಕಣ್ಣಿಟ್ಟು ನೋಡಿದ್ದರಿಂದ ಎಷ್ಟು ಜೀವ ಉಳಿಯಿತು ಅಂತ ನಾನು ಯಾವಾಗಲೂ ಯೋಚಿಸುತ್ತೇನೆ.

ನಮ್ಮಂಥವರ ಬಿಪಿ ಏರಬೇಕಾದರೆ ನೂರಾರು ಮಿಲಿಗ್ರಾಂ ಟೈರಮಿನ್ ಬೇಕು. ಆ ಹಳೆಯ ಮಾತ್ರೆ ತಿನ್ನುವವರಿಗೆ 10 ಮಿಲಿಗ್ರಾಂ ಸಾಕು. ಅವರಿಗೆ ಇದು ತಲೆನೋವಿನ ಮಾತಲ್ಲ, ಪ್ರಾಣದ ಮಾತು. ಮುಂದೆ ಯಾವ ಡಾಕ್ಟರು ಯಾವ ಮಾತ್ರೆ ಬರೆದರೂ ನಿನ್ನ ಪಥ್ಯದ ವಿಷಯ ಹೇಳು. ಯಾವತ್ತೂ ಬಾರದ ಥರದ ನೋವು ಒಮ್ಮೆಲೇ ಸಿಡಿಲು ಹೊಡೆದಂತೆ ಬಂದರೆ, ಕುತ್ತಿಗೆ ಸೆಟೆದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ ಮಲಗಿ ಕಾಯಬೇಡ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗು.

ಇನ್ನು ನಿನ್ನ ಮನೆಯ ಮಾತು. ನಿನ್ನ ಅತ್ತೆ ಒಳ್ಳೆಯವರು, ಅನ್ನ ಚೆಲ್ಲಿದರೆ ಸಂಕಟಪಡುವವರು. ನಾನೂ ಅಂಥವಳೇ. ಹಸಿವು ಕಂಡವರ ಮನೆಯಲ್ಲಿ ಹುಟ್ಟಿದವರು ನಾವು. ಆದರೆ ಉಳಿದದ್ದನ್ನೆಲ್ಲ ಮನೆಯ ಹೆಂಗಸೇ ತಿಂದು ಮುಗಿಸಬೇಕು ಅನ್ನುವುದು ಎಲ್ಲಿಯ ನ್ಯಾಯ? ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ತಟ್ಟೆಗೆ ಬಡಿಸಿಕೊಳ್ಳುತ್ತೇವೆ. ನಾನು ಇಪ್ಪತ್ತು ವರ್ಷ ಬಡಿಸಿಕೊಂಡೆ. ಒಂದು ಸಲ ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದುವ ಕೆಲಸದ ನಡುವೆ ವಾಂತಿ ಮಾಡಿಕೊಂಡು ಮನೆಗೆ ಬಂದು ಮಲಗಿದೆ. ಅತ್ತೆ ಬಂದು ಕಾಲ ಬುಡದಲ್ಲಿ ಕೂತರು. ಅವತ್ತು ಧೈರ್ಯ ಮಾಡಿ ಹಾಜರಿ ಪುಸ್ತಕದ ಲೆಕ್ಕ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ದೊಡ್ಡ ಮಡಕೆಯನ್ನು ಅಟ್ಟಕ್ಕೆ ಹಾಕಿ, ಚಿಕ್ಕದನ್ನು ಇಳಿಸಿಕೊಂಡು ಬಂದರು. ಅಷ್ಟೇ. ಸಾರು ಅವತ್ತಿಂದ ಅವತ್ತಿಗೇ ಮುಗಿಯತೊಡಗಿತು. ತಲೆನೋವು ಪೂರ್ತಿ ಹೋಗಲಿಲ್ಲ, ನಿದ್ದೆಗೆಟ್ಟರೆ ಈಗಲೂ ಬರುತ್ತದೆ. ಆದರೆ ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ ಆಯಿತು.

ನೀನೂ ಹೇಳು. ನೋಟ್‌ಬುಕ್ ತೋರಿಸಿ ಹೇಳು. ಮೂರು ಪಾವಿನ ಜಾಗದಲ್ಲಿ ಎರಡು ಪಾವು ಅಕ್ಕಿ ಹಾಕಿ ನೋಡೋಣ ಅನ್ನು.

ಒಂದೆಲಗದ ತಂಬುಳಿ ಮಾಡಿಕೊಳ್ಳುತ್ತೀಯಾ? ಸೊಪ್ಪನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸು. ಹಸಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬು. ಅವತ್ತಿನ ಸಿಹಿ ಮಜ್ಜಿಗೆಗೆ ಕಲಸಿ ಸಾಸಿವೆ ಒಗ್ಗರಣೆ ಕೊಡು. ಕುದಿಸುವ ಹಾಗಿಲ್ಲ, ಇಟ್ಟು ನಾಳೆ ತಿನ್ನುವ ಹಾಗೂ ಇಲ್ಲ. ನಿನಗೆ ಹೇಳಿ ಮಾಡಿಸಿದ ಅಡುಗೆ.

ಬಚ್ಚಲ ನೀರು ಹರಿಯುವ ಕಡೆ ಈ ಮಳೆಗೆ ಒಂದೆಲಗ ಹಾಸಿಕೊಂಡು ಬೆಳೆದಿದೆ. ನಿನ್ನ ದೊಡ್ಡಪ್ಪ ಗುರುವಾರ ಶಿವಮೊಗ್ಗಕ್ಕೆ ಬರುತ್ತಾರೆ. ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತೇನೆ. ಅಗಲ ಕುಂಡದಲ್ಲಿ ನೆಟ್ಟು ನೆರಳಲ್ಲಿಡು, ನೀರು ತಪ್ಪಿಸಬೇಡ. ಜೊತೆಗೆ ಹೊಸ ಅಕ್ಕಿ ತರಿ ಐದು ಸೇರು ಇದೆ, ಕಡುಬಿಗೆ. ಅವರ ಕೈಯಲ್ಲೇ ನಿನ್ನ ತೂಕ ಎಷ್ಟಿದೆ ಅಂತ ಬರೆದು ಕಳಿಸು.

ಇಂತಿ ನಿನ್ನ
ದೊಡ್ಡಮ್ಮ