‘ಡಿಸ್‌ಗ್ರೇಸ್ಡ್’ ಅಂತ ಬರೆಯುವ ಮೊದಲು

ಮಾನ್ಯ ಸಂಪಾದಕರೇ,

ಹೆಸರುವಾಸಿಯಾದ ಯಾರನ್ನಾದರೂ ಪೊಲೀಸರು ಬಂಧಿಸಿದರೆ ಸಾಕು, ಇಂಗ್ಲಿಷ್ ಸುದ್ದಿಗಳಲ್ಲಿ ಅವರ ಹೆಸರಿನ ಹಿಂದೆಯೇ ‘ಡಿಸ್‌ಗ್ರೇಸ್ಡ್’ ಅನ್ನೋ ಪದ ಬಂದು ಕೂರುತ್ತದೆ. ಅದನ್ನು ನೋಡಿ ನಮ್ಮ ಕನ್ನಡ ಸುದ್ದಿಗಳಲ್ಲೂ ‘ಕಳಂಕಿತ’ ಅಂತ ಬರೆಯುತ್ತಾರೆ. ಆಗಿನ್ನೂ ಚಾರ್ಜ್‌ಶೀಟ್ ಕೂಡ ಆಗಿರುವುದಿಲ್ಲ.

ಇದ್ದ ಒಳ್ಳೆಯ ಹೆಸರನ್ನು ಕಳೆದುಕೊಂಡವನಿಗೆ ಹೇಳುವ ಪದ ಇದು. ಮೊದಲಿಂದಲೂ ಕೆಟ್ಟ ಹೆಸರಿರುವ ರೌಡಿಗೆ ಇದು ಹೊಂದುವುದಿಲ್ಲ, ಅವನು ‘ನಟೋರಿಯಸ್’. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ ಬಳಸಿದರೆ ಸರಿ. ಉದ್ದೀಪನ ಮದ್ದಿನ ತನಿಖೆ ನಡೆದು, 2012ರಲ್ಲಿ ಅವರ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು ಕಿತ್ತುಕೊಂಡರು. 2013ರ ಜನವರಿಯಲ್ಲಿ ಅವರೇ ಟಿವಿಯಲ್ಲಿ ತಪ್ಪು ಒಪ್ಪಿಕೊಂಡರು. ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಆದರೆ ನಂಬಿ ನಾರಾಯಣನ್ ವಿಷಯ ನೆನಪಿಸಿಕೊಳ್ಳಿ. ವಿಕಾಸ್ ಅನ್ನೋ ರಾಕೆಟ್ ಎಂಜಿನ್ ಕಟ್ಟಿದ ಇಸ್ರೋ ವಿಜ್ಞಾನಿ ಅವರು. 1994ರಲ್ಲಿ ಗೂಢಚರ್ಯೆ ಆರೋಪದ ಮೇಲೆ ಕೇರಳ ಪೊಲೀಸರು ಬಂಧಿಸಿದರು. ದಿನಾ ಪತ್ರಿಕೆಗಳಲ್ಲಿ ಅದೇ ಕತೆ. 1996ರಲ್ಲಿ ಸಿಬಿಐ, ಕೇಸೇ ಸುಳ್ಳು ಅಂತ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರ್ 14ರಂದು. ಮರುವರ್ಷ ಪದ್ಮಭೂಷಣ ಬಂತು.

ಅದೇ ಕೇಸಿನಲ್ಲಿ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಸಿಕ್ಕಿಹಾಕಿಕೊಂಡಿದ್ದರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಅನ್ನೋ ಬಾಹ್ಯಾಕಾಶ ಸಂಸ್ಥೆಯ ಪ್ರತಿನಿಧಿಯಾಗಿದ್ದವರು. ಸುಪ್ರೀಂ ಕೋರ್ಟಿನ ಆ ತೀರ್ಪು ಬಂದಾಗ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದರು. ಎರಡು ದಿನಕ್ಕೆ ತೀರಿಕೊಂಡರು. ತೀರ್ಪು ಏನಾಯ್ತು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಇವರನ್ನು ‘ಡಿಸ್‌ಗ್ರೇಸ್ಡ್’ ಅನ್ನೋದು ಯಾವ ನ್ಯಾಯ?

ಕನ್ನಡದಲ್ಲಿ ‘ಹೆಸರು ಕೆಡಿಸಿಕೊಂಡರು’ ಬೇರೆ, ‘ಹೆಸರು ಕೆಡಿಸಿದರು’ ಬೇರೆ. ಒಂದರಲ್ಲಿ ತಪ್ಪು ಅವರದ್ದೇ, ಇನ್ನೊಂದರಲ್ಲಿ ಬೇರೆಯವರದ್ದು. ಹಳ್ಳಿಯ ಅಜ್ಜಿಯೂ ಮಾತಾಡುವಾಗ ಈ ವ್ಯತ್ಯಾಸ ತಪ್ಪುವುದಿಲ್ಲ. ‘ಡಿಸ್‌ಗ್ರೇಸ್ಡ್’ ಅಂದಾಗ ಕೆಡಿಸಿದ್ದು ಯಾರು ಅನ್ನೋದೇ ಮುಚ್ಚಿಹೋಗುತ್ತದೆ. ‘ಕಳಂಕಿತ’ವೂ ಹಾಗೇ. ಇಷ್ಟು ಚೆನ್ನಾಗಿ ಬಿಡಿಸಿ ಹೇಳುವ ಭಾಷೆ ಕೈಯಲ್ಲಿರುವಾಗ ನಾವ್ಯಾಕೆ ಆ ಮಬ್ಬು ಪದದ ಹಿಂದೆ ಹೋಗಬೇಕು?

ಗೌರವ, ಮರ್ಯಾದೆ ಕೂಡ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಹಾಗಾಗಿ ನನ್ನ ಕೋರಿಕೆ ಇಷ್ಟೇ. ತಪ್ಪು ಸಾಬೀತಾಗುವವರೆಗೆ ‘ಆರೋಪಿ’ ಅಂತ ಮಾತ್ರ ಬರೆಯಿರಿ. ಬಂಧನದ ಸುದ್ದಿ ಮುಖಪುಟದಲ್ಲಿ ಬಂದಿದ್ದರೆ, ಖುಲಾಸೆಯ ಸುದ್ದಿಯೂ ಅಷ್ಟೇ ದಪ್ಪ ಅಕ್ಷರದಲ್ಲಿ ಮುಖಪುಟದಲ್ಲೇ ಬರಲಿ. ಒಳಪುಟದ ಮೂಲೆಗೆ ತಳ್ಳಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಶಿವಮೊಗ್ಗ