ಶುಲ್ಕದ ನೇರ ತರಗತಿಯಲ್ಲಿ ವಿದ್ಯಾರ್ಥಿಯ ಚಿತ್ರ ತಿದ್ದುವುದೇ ಮುಖ್ಯವಾಗಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ಬೆಟ್ಟ, ಕಣಿವೆ, ಮೋಡ, ಕಾಡುಗಳನ್ನು ರಚಿಸಲು ನೆರವಾಗುವ ಟೆರಾಜೆನ್, ವರ್ಲ್ಡ್ ಮಷೀನ್, ಬ್ಲೆಂಡರ್ ಮೊದಲಾದ ತಂತ್ರಾಂಶಗಳನ್ನು ಕನ್ನಡದಲ್ಲಿ, ಶುಲ್ಕ ಪಡೆದು, ಆನ್‌ಲೈನ್‌ನಲ್ಲಿ ನೇರವಾಗಿ ಕಲಿಸಬೇಕೆಂದಿರುವ ಕಲಾವಿದರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಸಲಹೆ ನೀಡಬಯಸುತ್ತೇನೆ. ಯಾವ ಮೆನುವಿನಲ್ಲಿ ಏನಿದೆ ಎಂಬುದನ್ನು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ನೋಡಿ ಕಲಿಯಬಹುದು. ಹಣ ಕೊಟ್ಟು, ಗೊತ್ತುಪಡಿಸಿದ ಹೊತ್ತಿಗೆ ಬಂದು ಕೂರುವ ವಿದ್ಯಾರ್ಥಿಗೆ ಸಿಗಬೇಕಾದದ್ದು ತನ್ನ ಚಿತ್ರವನ್ನು ಬಲ್ಲವರೊಬ್ಬರು ನೋಡಿ ತಿದ್ದುವ ಅವಕಾಶ. ತರಗತಿಯ ಇಡೀ ಯೋಜನೆ ಅದರ ಸುತ್ತಲೇ ರೂಪುಗೊಳ್ಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಬೆಟ್ಟಕ್ಕೆ ಹಸಿರು ಹೊದಿಸುವಾಗ ಇಷ್ಟು ಮೀಟರ್ ಎತ್ತರದವರೆಗೆ, ಇಷ್ಟು ಡಿಗ್ರಿ ಇಳಿಜಾರಿನವರೆಗೆ ಮಾತ್ರ ಮರಗಳು ಬರಲಿ ಎಂದು ಮಿತಿ ಹಾಕುವುದು ಆರಂಭದ ಪಾಠಗಳಲ್ಲೊಂದು. ಆಲ್ಪ್ಸ್‌ನಂಥ ಪರ್ವತಕ್ಕೆ ಅದು ಸರಿ. ಅಲ್ಲಿ ಕೆಳಗೆ ಕಾಡು, ಮೇಲೆ ಬಂಡೆ, ಅದಕ್ಕೂ ಮೇಲೆ ಹಿಮ. ಅದೇ ಲೆಕ್ಕವನ್ನು ಕುದುರೆಮುಖಕ್ಕೆ ಹಚ್ಚಿದರೆ ಚಿತ್ರ ಎಷ್ಟೇ ನುಣುಪಾಗಿದ್ದರೂ ಆ ನೆಲವನ್ನು ಬಲ್ಲವರ ಕಣ್ಣಿಗೆ ಒಪ್ಪುವುದಿಲ್ಲ. ಅಲ್ಲಿ ಒಂದೇ ಎತ್ತರದಲ್ಲಿ ಗುಡ್ಡದ ಬೆನ್ನಿನ ಮೇಲೆ ಹುಲ್ಲು ಇರುತ್ತದೆ, ಎರಡು ಗುಡ್ಡಗಳ ನಡುವಿನ ಮಡಿಕೆಯಲ್ಲಿ ಶೋಲಾ ಎಂಬ ದಟ್ಟ ಕುಳ್ಳಮರಗಳ ಕಾಡು ಇರುತ್ತದೆ. ಎತ್ತರ, ಇಳಿಜಾರುಗಳನ್ನು ಬಿಟ್ಟು, ನೀರು ಹರಿದು ಸೇರುವ ಜಾಗಗಳನ್ನು ಗುರುತಿಸುವ ಫ್ಲೋ ಮ್ಯಾಪನ್ನೇ ಮಾಸ್ಕ್ ಆಗಿ, ಅಂದರೆ ಮರಗಳು ಎಲ್ಲಿ ಬರಬೇಕೆಂದು ತೋರಿಸುವ ಅಚ್ಚಾಗಿ, ಬಳಸಿದರೆ ಮರಗಳು ಇರಬೇಕಾದಲ್ಲಿ ಬಂದು ನಿಲ್ಲುತ್ತವೆ. ಮುಂಗಾರಿನ ಮಂಜಿಗೂ ಇದೇ ಮಾತು ಸಲ್ಲುತ್ತದೆ. ತಂತ್ರಾಂಶದೊಂದಿಗೇ ಬರುವ ಸಿದ್ಧ ಹೊಂದಿಕೆಗಳ (ಪ್ರೀಸೆಟ್) ತಿಳಿನೀಲಿ ಆಕಾಶ ಆಗುಂಬೆಯ ಜುಲೈಗೆ ಹೊಂದುವುದಿಲ್ಲ. ಇಂಥ ತಪ್ಪನ್ನು ತಂತ್ರಾಂಶ ತೋರಿಸಿಕೊಡದು. ಅದಕ್ಕೆ ಶಿಕ್ಷಕರೇ ಬೇಕು.

ಅಭ್ಯಾಸಕ್ಕೆ ನಮ್ಮದೇ ನೆಲವನ್ನು ಬಳಸಲು ಅಡ್ಡಿಯೂ ಇಲ್ಲ. 2000ದ ಫೆಬ್ರುವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರಡಾರ್ ಮೂಲಕ ಸಂಗ್ರಹಿಸಿದ ಭೂಮಿಯ ಎತ್ತರದ ದತ್ತಾಂಶ, ಸುಮಾರು 30 ಮೀಟರ್ ಅಂತರದ ವಿವರದೊಂದಿಗೆ, ಈಗ ಉಚಿತವಾಗಿ ಲಭ್ಯವಿದೆ. ಇಸ್ರೊದ ಭುವನ್ ಜಾಲತಾಣದಲ್ಲೂ ಕಾರ್ಟೊಸ್ಯಾಟ್ ಉಪಗ್ರಹ ಆಧಾರಿತ ಎತ್ತರದ ಮಾಹಿತಿ ಸಿಗುತ್ತದೆ. ದೂರದ ಬೆಟ್ಟಸಾಲಿಗೆ ಇಷ್ಟು ವಿವರ ಸಾಕು, ಹತ್ತಿರದ ನೆಲದ ಉಬ್ಬುತಗ್ಗುಗಳನ್ನು ಮಾತ್ರ ತಂತ್ರಾಂಶವೇ ಲೆಕ್ಕಹಾಕಿ ಹುಟ್ಟಿಸುವ ಸಹಜ ಏರುಪೇರುಗಳಿಂದ (ಫ್ರ್ಯಾಕ್ಟಲ್ ನಾಯ್ಸ್) ತುಂಬಿಕೊಳ್ಳಬೇಕಾಗುತ್ತದೆ.

ಒಂದೇ ತಂತ್ರಾಂಶದ ಬಟನ್‌ಗಳಿಗೆ ಪಠ್ಯಕ್ರಮವನ್ನು ಕಟ್ಟಿಹಾಕುವುದರಲ್ಲಿ ಇನ್ನೊಂದು ಅಪಾಯವಿದೆ. ಚಲನಚಿತ್ರಗಳ ಹಿನ್ನೆಲೆ ರಚನೆಗೂ ಬಳಕೆಯಾಗುತ್ತಿದ್ದ 'ವ್ಯೂ' ತಂತ್ರಾಂಶವನ್ನು ರೂಪಿಸಿದ್ದ ಇ-ಆನ್ ಸಂಸ್ಥೆಯನ್ನು 2015ರಲ್ಲಿ ಬೆಂಟ್ಲಿ ಸಿಸ್ಟಮ್ಸ್ ಕೊಂಡಿತು. 2024ರಲ್ಲಿ ತಂತ್ರಾಂಶದ ಅಭಿವೃದ್ಧಿಯನ್ನೇ ನಿಲ್ಲಿಸಿ, ಕೊನೆಯ ಆವೃತ್ತಿಯನ್ನು ಉಚಿತವಾಗಿ ಬಿಡುಗಡೆ ಮಾಡಲಾಯಿತು. ವ್ಯೂ ಮೂಲಕ ಬೆಳಕು, ದೂರ, ನೆಲದ ಸವಕಳಿಗಳನ್ನು ಅರಿತವರು ಬೇರೆ ತಂತ್ರಾಂಶಕ್ಕೆ ಹೋಗಬಲ್ಲರು. ಮೆನುಗಳನ್ನಷ್ಟೇ ಕಂಠಪಾಠ ಮಾಡಿದವರು ಮೊದಲಿನಿಂದ ಶುರು ಮಾಡಬೇಕು.

ತಿದ್ದುವುದೇ ಮುಖ್ಯವೆಂದರೆ ತಂಡ ಚಿಕ್ಕದಾಗಿರಬೇಕು. ಎಂಟು ಹತ್ತು ಮಂದಿಗಿಂತ ಹೆಚ್ಚಾದರೆ ಎರಡು ಗಂಟೆಯಲ್ಲಿ ಎಲ್ಲರ ಚಿತ್ರವನ್ನೂ ನೋಡಲಾಗದು. ಹಾಗಾಗಿ ಶುಲ್ಕ ತುಸು ಹೆಚ್ಚಿದ್ದರೂ ನನ್ನ ಆಕ್ಷೇಪವಿಲ್ಲ. ಕಂಪ್ಯೂಟರ್ ಅಂತಿಮ ಚಿತ್ರವನ್ನು ಲೆಕ್ಕಹಾಕಿ ಮೂಡಿಸುವ ಕೆಲಸ (ರೆಂಡರ್) ಮುಗಿಯುವವರೆಗೆ ಎಲ್ಲರೂ ಪರದೆ ನೋಡುತ್ತಾ ಕೂರುವುದಂತೂ ಬೇಡ. ಶಿಕ್ಷಕರು ಹಂತಹಂತದ ಕಡತಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿರಲಿ, ವಿದ್ಯಾರ್ಥಿಗಳು ತಮ್ಮ ಚಿತ್ರಗಳನ್ನು ಹಿಂದಿನ ದಿನವೇ ಕಳುಹಿಸಲಿ.

ಹಣ ಕಟ್ಟಿಸಿಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ತಿಳಿಸುವುದು ಸಂಘಟಕರ ಕರ್ತವ್ಯ. ಎಷ್ಟು ಸಾಮರ್ಥ್ಯದ ಕಂಪ್ಯೂಟರ್ ಬೇಕು, ಶುಲ್ಕದಲ್ಲಿ ಜಿಎಸ್‌ಟಿ ಸೇರಿದೆಯೇ, ತರಗತಿ ರದ್ದಾದರೆ ಹಣ ಮರಳುತ್ತದೆಯೇ ಎಂಬುದು ಮೊದಲೇ ಗೊತ್ತಿರಬೇಕು. ಟೆರಾಜೆನ್‌ನ ಉಚಿತ ಆವೃತ್ತಿಯನ್ನು ಸಂಪಾದನೆಯ ಕೆಲಸಕ್ಕೆ ಬಳಸುವಂತಿಲ್ಲ, ಬ್ಲೆಂಡರ್‌ಗೆ ಅಂಥ ನಿರ್ಬಂಧವಿಲ್ಲ ಎಂಬುದನ್ನೂ ಹೇಳಬೇಕು. ಶನಿವಾರ ಸಂಜೆ 7.30ಕ್ಕೆ ತರಗತಿ ಇಟ್ಟರೆ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ 2, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಆಗಿರುತ್ತದೆಯಾದ್ದರಿಂದ ಅಲ್ಲಿನ ಕನ್ನಡಿಗರೂ ಸೇರಬಹುದು. ಆ ಹೊತ್ತಿಗೆ ಮಲೆನಾಡಿನ ಹಳ್ಳಿಯಲ್ಲಿ ಕರೆಂಟ್ ಹೋಗಿ ಪಾಠ ತಪ್ಪಿಸಿಕೊಂಡ ವಿದ್ಯಾರ್ಥಿಗೆ ತರಗತಿಯ ಮುದ್ರಿತ ವಿಡಿಯೊ ಕಳುಹಿಸಿದರೆ ಸಾಲದು, ಆತನ ಚಿತ್ರವನ್ನು ಮುಂದಿನ ವಾರ ಮೊದಲು ನೋಡುವ ಏರ್ಪಾಡೂ ಇರಬೇಕು.

ಇತಿ,
ಓರ್ವ ಓದುಗ, ಚಿಕ್ಕಮಗಳೂರು