ಬಾಯಾರಿದ ಮಕ್ಕಳ ಮೇಲೆ ಒಂದು ಕಣ್ಣಿರಲಿ: ಅಕ್ಕೋರಾದ ಮಗಳಿಗೊಂದು ಪತ್ರ

ಮಹಾಲಿಂಗಪುರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಇಂಥ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ. ಬರೆದರೆ ನಿನ್ನ ಹತ್ತಿರ ಉಳಿಯುತ್ತದೆ, ನಿಮ್ಮ ಹೆಡ್‌ಮಾಸ್ತರರಿಗೂ ತೋರಿಸಬಹುದು.

ನಿನ್ನ ನಾಲ್ಕನೇ ಕ್ಲಾಸಿನಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿ ಇದ್ದಾಳೆ ಅಂದೆ. ಅವಳ ಅವ್ವ ಬಂದು, "ಅಕ್ಕೋರೆ, ಯಾರ ಮುಂದೂ ಹೇಳಬ್ಯಾಡ್ರಿ, ಮುಂದ ಲಗ್ನದಾಗ ಅಡ್ಡ ಬರ್ತದ" ಎಂದು ಕೈ ಹಿಡಿದುಕೊಂಡಳು ಅಂದೆ. ಆ ತಾಯಿಯ ಮೇಲೆ ಬೇಸರ ಮಾಡಿಕೊಳ್ಳಬೇಡ. ಊರಿನವರಿಗೆ ಈ ಕಾಯಿಲೆಯ ಬಗ್ಗೆ ಏನೂ ಗೊತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಿದೆ. ಅಂಥ ಊರಿನಲ್ಲಿ ಮುಚ್ಚಿಡುವುದೇ ವಾಸಿ ಅನ್ನಿಸುತ್ತದೆ.

ನೀನು ಕೇಳಿದ್ದು, ಹೇಳಲೋ ಬೇಡವೋ ಅಂತ. ನನ್ನ ಮಾತು ಇಷ್ಟು. ಆ ಹುಡುಗಿಯ ಹೆಸರು ಹೇಳಬೇಡ. ಕಾಯಿಲೆಯ ಬಗ್ಗೆ ಮಾತ್ರ ಎಲ್ಲರಿಗೂ ಹೇಳು. ಯಾಕೆಂದರೆ ಆ ಹುಡುಗಿಗಿಂತ ಜಾಸ್ತಿ ಅಪಾಯದಲ್ಲಿರುವ ಮಗು ಬೇರೆ ಇದೆ. ಅದಕ್ಕೆ ಕಾಯಿಲೆ ಬಂದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ನಿನ್ನ ಹುಡುಗಿಗೆ ಡಾಕ್ಟರ್ ಇದ್ದಾರೆ, ಇನ್ಸುಲಿನ್ ಇದೆ, ಎಚ್ಚರದ ತಾಯಿ ಇದ್ದಾಳೆ. ಆ ಇನ್ನೊಂದು ಮಗುವಿಗೆ ಇದ್ಯಾವುದೂ ಇಲ್ಲ.

ನನ್ನ ಕೌಂಟರಿನ ಹಿಂದೆ ನಿಂತು ನೋಡಿದ್ದನ್ನು ಹೇಳುತ್ತೇನೆ. ಮಗು ಸೊರಗಿದೆ ಅಂತ ಮನೆಯವರು ಮೊದಲು ಬರುವುದು ಮೆಡಿಕಲ್ ಅಂಗಡಿಗೆ, ಆಸ್ಪತ್ರೆಗಲ್ಲ. "ಹುಡುಗ ಭಾಳ ಸುಸ್ತ ಆಗ್ಯಾನ್ರಿ, ಒಂದು ಗ್ಲುಕೋಸ್ ಪುಡಿ ಕೊಡ್ರಿ" ಅನ್ನುತ್ತಾರೆ. ಬಿಸಿಲಿಗೆ ಆಗಿದ್ದರೆ ಅದು ಸರಿ. ಆದರೆ ಆ ಸುಸ್ತು ಸಕ್ಕರೆ ಕಾಯಿಲೆಯದ್ದಾಗಿದ್ದರೆ? ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿರುವ ಮಗುವಿಗೆ ಮನೆಯವರೇ ಪ್ರೀತಿಯಿಂದ ಮತ್ತಷ್ಟು ಸಕ್ಕರೆ ಕುಡಿಸಿದ ಹಾಗಾಗುತ್ತದೆ. ಅದಕ್ಕೇ ಮಗುವಿಗೆ ಅಂತ ಗ್ಲುಕೋಸ್ ಕೇಳಿದವರಿಗೆ ಸುಮ್ನೆ ಪುಡಿ ಕೊಟ್ಟು ಕಳಿಸುವುದಿಲ್ಲ ನಾನು. ನೀರು ಜಾಸ್ತಿ ಕುಡಿಯುತ್ತಾನಾ? ರಾತ್ರಿ ಒಂದಕ್ಕೆ ಏಳುತ್ತಾನಾ? ಬಿಟ್ಟು ಹೋಗಿದ್ದ ಅಭ್ಯಾಸ ಮತ್ತೆ ಬಂದು ಕೌದಿ ಒದ್ದೆಯಾಗುತ್ತಿದೆಯಾ? ಊಟ ಮಾಡಿದರೂ ಇಳಿಯುತ್ತಿದ್ದಾನಾ? ಇಷ್ಟು ಕೇಳಲು ಅರ್ಧ ನಿಮಿಷ ಸಾಕು.

ಈ ನಾಲ್ಕನ್ನು ನೀನು ಗಟ್ಟಿಯಾಗಿ ನೆನಪಿಟ್ಟುಕೋ. ಹೆತ್ತವರಿಗಿಂತ ಮೊದಲು ಅಕ್ಕೋರ ಕಣ್ಣಿಗೇ ಇವು ಬೀಳಬಹುದು. "ಒಂದಕ್ಕ ಹೋಗ್ಲೇನ್ರಿ ಅಕ್ಕೋರೆ?" ಅಂತ ಮತ್ತೆ ಮತ್ತೆ ಏಳುವ ಹುಡುಗ ಪಾಠ ತಪ್ಪಿಸುತ್ತಿದ್ದಾನೆ ಅನ್ನಿಸುವುದು ಸಹಜ. ಬಾಟ್ಲಿ ನೀರು ಖಾಲಿ ಮಾಡಿ ಪಕ್ಕದವನ ಬಾಟ್ಲಿಗೂ ಕೈ ಹಾಕಿದರೆ ಬಿಸಿಲು ಅಂದುಕೊಳ್ಳುತ್ತೇವೆ. ನಿಮ್ಮ ಇಂಡಿ ಕಡೆಯ ಬಿಸಿಲಿನಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನೀರು ಜಾಸ್ತಿ ಕುಡಿದಿದ್ದಕ್ಕೆ ಒಂದಕ್ಕೆ ಹೋಗುತ್ತಾನೆ ಅಂತ ಮನೆಯವರು ನೀರು ಕುಡಿಯುವುದನ್ನೇ ಬಿಡಿಸಲು ನೋಡುತ್ತಾರೆ. ನಡೆಯುವುದು ಉಲ್ಟಾ. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದಾಗ ಅದು ಮೂತ್ರಕ್ಕೆ ಇಳಿಯುತ್ತದೆ, ಮೈಯ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬಾಯಾರಿಕೆ ಅದರ ಹಿಂದೆ ಬರುತ್ತದೆ. ಮಗು ಒಂದಕ್ಕೆ ಹೋದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಅಜ್ಜಿಯರು ನೋಡಿರುತ್ತಾರೆ. ಅವರು ಹೇಳಿದ್ದನ್ನು ತಳ್ಳಿಹಾಕಬೇಡ.

ಈಗ ಇದು ಯಾಕೆ ಬರುತ್ತದೆ ಅಂತ. ನಮ್ಮೂರು ಬೆಲ್ಲಕ್ಕೆ ಹೆಸರಾದ ಪೇಟೆ. ಮಗುವಿಗೆ ಸಕ್ಕರೆ ಕಾಯಿಲೆ ಅಂದರೆ ಸಾಕು, ಇಲ್ಲಿಯ ಮಂದಿ "ಬೆಲ್ಲ ತಿನಿಸಿ ತಿನಿಸಿ ತಂದ್ರು" ಅಂತ ತಾಯಿಯ ಮೇಲೆ ಹಾಕುತ್ತಾರೆ. ಇದು ಪೂರ್ತಿ ಸುಳ್ಳು, ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ದೊಡ್ಡವರಲ್ಲಿ ನಾವು ಹೆಚ್ಚಾಗಿ ನೋಡುವುದು ಟೈಪ್ 2. ಮಕ್ಕಳಿಗೆ ಹೆಚ್ಚಾಗಿ ಬರುವುದು ಟೈಪ್ 1. ನಮ್ಮ ದೇಹವನ್ನು ರೋಗದಿಂದ ಕಾಯುವ ಪಡೆ ಇದೆಯಲ್ಲ, ಅದೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಸಿಹಿ ತಿಂದಿದ್ದಕ್ಕೆ ಇದು ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಯಾರ ತಪ್ಪಿನಿಂದಲೂ ಬಂದಿದ್ದಲ್ಲ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆ ಮೈಗೆ ಹತ್ತುವುದಿಲ್ಲ. ಹಗೇವಿನ ತುಂಬ ಜೋಳವಿದ್ದೂ ಅದರ ಬಾಯಿ ತೆಗೆಯುವವರಿಲ್ಲದೆ ಮನೆಮಂದಿ ಉಪವಾಸ ಬಿದ್ದ ಹಾಗೆ. ಆಗ ಮೈ ತನ್ನ ಕೊಬ್ಬನ್ನೇ ಸುಡಲು ಶುರು ಮಾಡುತ್ತದೆ. ಅದರಿಂದ ಕೀಟೋನ್ ಅನ್ನುವ ಪದಾರ್ಥ ತುಂಬಿ ರಕ್ತ ಆಮ್ಲವಾಗುತ್ತದೆ. ವಾಂತಿ, ಹೊಟ್ಟೆನೋವು, ಜೋರಾಗಿ ಆಳವಾಗಿ ಎಳೆಯುವ ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಆಮೇಲೆ ಮಂಪರು. ಈ ಹಂತದಲ್ಲೇ ಮೋಸವಾಗುವುದು. ವಾಂತಿ ಅಂದರೆ ಗ್ಯಾಸ್ಟ್ರಿಕ್, ಹೊಟ್ಟೆನೋವು ಅಂದರೆ ಅಪೆಂಡಿಕ್ಸ್, ಉಸಿರು ಅಂದರೆ ನ್ಯುಮೋನಿಯಾ. ಮನೆಯಲ್ಲಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ. ಸಣ್ಣ ದವಾಖಾನೆಯಲ್ಲಿ ಸುಸ್ತಿಗೆ ಅಂತ ಗ್ಲುಕೋಸ್ ಬಾಟ್ಲಿ ಏರಿಸುವುದೂ ಉಂಟು. ಕಾಯಿಲೆ ಶುರುವಾಗಿ ಕೆಲವೇ ವಾರಗಳಲ್ಲಿ ಮಗು ಇಲ್ಲಿಗೆ ಬಂದು ನಿಲ್ಲಬಹುದು. ಪುಟ್ಟ ಮಕ್ಕಳಲ್ಲಿ ಇನ್ನೂ ಬೇಗ.

ಇಷ್ಟೆಲ್ಲ ತಪ್ಪಿಸಲು ಬೇಕಾಗಿರುವುದು ಬೆರಳ ತುದಿಯ ಒಂದು ಹನಿ ರಕ್ತ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಗ್ಲುಕೋಮೀಟರ್ ಅನ್ನುವ ಸಣ್ಣ ಯಂತ್ರ ಕೆಲವು ಸೆಕೆಂಡಿನಲ್ಲಿ ಹೇಳುತ್ತದೆ. ಈ ಲಕ್ಷಣಗಳಿರುವ ಮಗುವಿಗೆ ಯಾವ ಹೊತ್ತಿನಲ್ಲಿ ನೋಡಿದರೂ ಸಕ್ಕರೆ 200 (mg/dL) ದಾಟಿದ್ದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳೆ ಸಂತೆ ಮುಗಿಸಿಕೊಂಡು ಹೋಗೋಣ ಅನ್ನುವ ಹಾಗಿಲ್ಲ. ಆ ಯಂತ್ರ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ. ಆದರೆ ಸರ್ಕಾರದ ಸಕ್ಕರೆ ತಪಾಸಣೆ ಇರುವುದು ಹೆಚ್ಚಾಗಿ 30 ವರ್ಷ ದಾಟಿದವರಿಗೆ. ಕ್ಯಾಂಪಿನಲ್ಲಿ ಅಜ್ಜ ಬೆರಳು ಚುಚ್ಚಿಸಿಕೊಳ್ಳುತ್ತಾನೆ, ಪಕ್ಕದಲ್ಲಿ ನಿಂತ ಸೊರಗಿದ ಮೊಮ್ಮಗನ ಬೆರಳು ಯಾರಿಗೂ ನೆನಪಾಗುವುದಿಲ್ಲ. ಸಕ್ಕರೆ ಕಾಯಿಲೆ ಮುದುಕರದ್ದು ಅಂತ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ 20 ವರ್ಷದೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಟೈಪ್ 1 ಇದೆ.

ಇನ್ನು ನಿನ್ನ ಹುಡುಗಿಯ ವಿಷಯ. ಅವಳಿಗೆ ಶಾಲೆಯಲ್ಲಿ ಗಾಬರಿಯಾಗುವಂಥದ್ದು ಏನಾದರೂ ಆದರೆ ಹೆಚ್ಚಾಗಿ ಅದು ಸಕ್ಕರೆ ಕಡಿಮೆಯಾದದ್ದೇ ಆಗಿರುತ್ತದೆ. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ, ಖೋಖೋ ಜಾಸ್ತಿ ಆಡಿದರೆ, 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ಬೆವರುತ್ತಾಳೆ, ಮುಖ ಬಿಳಿಚಿಕೊಳ್ಳುತ್ತದೆ. ಕಾರಣವಿಲ್ಲದೆ ಸಿಟ್ಟು ಮಾಡಬಹುದು, ಕೇಳಿದ್ದಕ್ಕೆ ಏನೇನೋ ಹೇಳಬಹುದು. ಆಗ ಗದರಿಸಬೇಡ. ಎರಡು ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸು. 15 ನಿಮಿಷ ಬಿಟ್ಟು ಮತ್ತೆ ನೋಡು. ಸರಿ ಹೋಗದಿದ್ದರೆ ಇನ್ನೊಮ್ಮೆ ಕೊಡು. ಸುಧಾರಿಸಿದ ಮೇಲೆ ಊಟ ದೂರವಿದ್ದರೆ ರೊಟ್ಟಿಯೋ ಬಿಸ್ಕತ್ತೋ ತಿನ್ನಲಿ. ಕೈಗೆ ಶೇಂಗಾ ಚಿಕ್ಕಿ ಸಿಕ್ಕಿತು ಅಂತ ಅದನ್ನೇ ಮೊದಲು ಕೊಡಬೇಡ. ಶೇಂಗಾದ ಎಣ್ಣೆಯಂಶದಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಚಾಕಲೇಟೂ ಹಾಗೇ. ಏರಿದೆಯೋ ಇಳಿದಿದೆಯೋ ಗೊತ್ತಾಗದೆ, ಯಂತ್ರವೂ ಹತ್ತಿರ ಇಲ್ಲದಿದ್ದರೆ, ಇಳಿದಿದೆ ಅಂತಲೇ ತಿಳಿದು ಸಕ್ಕರೆ ಕೊಡು. ಒಮ್ಮೆ ಏರಿದ್ದನ್ನು ಆಮೇಲೆ ಸರಿ ಮಾಡಬಹುದು.

ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡ, ನೀರು ಕೂಡ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡು. ತಲೆ ತಿರುಗುತ್ತದೆ ಅಂದ ಹುಡುಗಿಯನ್ನು ಒಬ್ಬಳೇ ಮನೆಗೆ ಕಳಿಸುವುದಂತೂ ಬೇಡವೇ ಬೇಡ. ದಾರಿಯಲ್ಲಿ ಬಿದ್ದರೆ ಯಾರಿಗೆ ಗೊತ್ತಾಗಬೇಕು?

ಅದಕ್ಕೇ, ಹೆಸರು ಹೇಳಬೇಡ ಅಂದಿದ್ದರೂ, ಕೆಲವರಿಗೆ ಮಾತ್ರ ಗೊತ್ತಿರಲೇಬೇಕು. ಹೆಡ್‌ಮಾಸ್ತರರು, ಉಳಿದ ಶಿಕ್ಷಕರು, ಬಿಸಿಯೂಟ ಮಾಡುವ ಅಕ್ಕಂದಿರು, ಅವಳ ಪಕ್ಕ ಕೂರುವ ಗೆಳತಿ. ಆ ತಾಯಿಯನ್ನು ಕೂರಿಸಿಕೊಂಡು ಒಪ್ಪಿಸು. ಬಿಸಿಯೂಟ ಅವಳೂ ಎಲ್ಲರ ಜೊತೆ ಉಣ್ಣಲಿ. ಡಾಕ್ಟರ್ ಹೇಳಿದ ಇನ್ಸುಲಿನ್ ಲೆಕ್ಕಕ್ಕೆ ಹೊಂದಿಸಿಕೊಂಡರೆ ಅನ್ನ ಸಾರು ಅವಳಿಗೆ ವಿಷವೇನಲ್ಲ. ಮಧ್ಯಾಹ್ನದ ಇಂಜೆಕ್ಷನ್ನಿಗೆ ಆಫೀಸ್ ರೂಮಿನಲ್ಲಿ ಒಂದು ಸ್ವಚ್ಛ ಮೂಲೆ ಕೊಡಿ. ಶೌಚಾಲಯದಲ್ಲಿ ಅಡಗಿ ಚುಚ್ಚಿಕೊಳ್ಳುವ ಹಾಗಾಗಬಾರದು. ಯಾರಾದರೂ ನಿಯಮ ಅಂತ ಅಡ್ಡ ಬಂದರೆ ಹೇಳು: ಪರೀಕ್ಷೆ ಕೋಣೆಗೆ ಸಕ್ಕರೆ ಗುಳಿಗೆ, ಹಣ್ಣು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಒಪ್ಪಿದೆ. ಶಾಲೆಗಳು ಈ ಮಕ್ಕಳಿಗೆ ಅನುಕೂಲ ಮಾಡಿಕೊಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ.

ಇನ್ನೊಂದು ಮಾತು, ಇದು ನನ್ನನ್ನು ನಿದ್ದೆಗೆಡಿಸುವ ಮಾತು. "ಎಷ್ಟು ದಿನ ಸೂಜಿ ಚುಚ್ಚತೀರಿ, ಅಲ್ಲೊಬ್ಬರು ಬೇರಿನ ಔಷಧ ಕೊಡ್ತಾರ, ಪೂರಾ ವಾಸಿ ಆಗ್ತದ" ಅಂತ ಬಂಧುಗಳು ಹೇಳುತ್ತಾರೆ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಬರೀ ಜೋಳದ ರೊಟ್ಟಿ. ರೊಟ್ಟಿ ಒಳ್ಳೆಯ ಊಟವೇ. ಆದರೆ ಟೈಪ್ 1 ಮಗುವಿಗೆ ಇನ್ಸುಲಿನ್ ಬದಲಿಗೆ ಯಾವುದೂ ಇಲ್ಲ. ಅದನ್ನು ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರಬಹುದು. ಗುಳಿಗೆಯಾಗಿಯೂ ಕೊಡಲು ಬರುವುದಿಲ್ಲ, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ನಿಮ್ಮ ಊರಿನ ತಾಯಂದಿರ ಸಭೆಯಲ್ಲಿ ಒಂದೇ ಮಾತು ಹೇಳಲು ಸಮಯವಿದ್ದರೆ ಇದನ್ನೇ ಹೇಳು.

ಲಗ್ನದ ಭಯಕ್ಕೂ ಆ ತಾಯಿಗೆ ಸಮಾಧಾನ ಹೇಳು. ಸರಿಯಾಗಿ ನೋಡಿಕೊಂಡರೆ ಈ ಹುಡುಗಿಯರು ಓದುತ್ತಾರೆ, ದುಡಿಯುತ್ತಾರೆ, ಡಾಕ್ಟರ ಸಲಹೆಯಲ್ಲಿದ್ದು ತಾಯಿಯೂ ಆಗುತ್ತಾರೆ. ವಾಸಿಂ ಅಕ್ರಂ ಬೌಲಿಂಗ್ ನೋಡಲು ನಾವೆಲ್ಲ ಟೀವಿ ಮುಂದೆ ಕೂರುತ್ತಿದ್ದ ಕಾಲದಲ್ಲೇ, 1997ರಲ್ಲಿ, ಅವರಿಗೆ ಟೈಪ್ 1 ಇರುವುದು ಗೊತ್ತಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ, 2003ರಲ್ಲಿ ಏಕದಿನ ಪಂದ್ಯಗಳಲ್ಲಿ 500 ವಿಕೆಟ್ ಪಡೆದ ಮೊದಲ ಬೌಲರ್ ಆದರು.

ನವೆಂಬರ್ 14ಕ್ಕೆ ನೀವು ಮಕ್ಕಳ ದಿನಾಚರಣೆ ಮಾಡುತ್ತೀರಿ. ಅವತ್ತೇ ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ 1891ರಲ್ಲಿ ಹುಟ್ಟಿದ ದಿನ ಅದು. ಅವತ್ತಿನ ಭಾಷಣದಲ್ಲಿ ಐದು ನಿಮಿಷ ಇದಕ್ಕೆ ತೆಗೆದಿಡು. ಪಾಲಕರು, ಆಶಾ ಕಾರ್ಯಕರ್ತೆ, ಅಂಗನವಾಡಿಯವರು ಎಲ್ಲ ಇರುತ್ತಾರೆ. ಲಿಯೊನಾರ್ಡ್ ಥಾಂಪ್ಸನ್ ಕಥೆ ಹೇಳು, ಮಕ್ಕಳಿಗೆ ಇಷ್ಟವಾಗುತ್ತದೆ. ಕೆನಡಾದ ಟೊರಾಂಟೊದ ಹುಡುಗ, 14 ವರ್ಷ, ಮೂಳೆ ಚಕ್ಕಳವಾಗಿ 30 ಕಿಲೋ ಕೂಡ ತೂಗುತ್ತಿರಲಿಲ್ಲ. ಆ ಕಾಲದಲ್ಲಿ ಈ ಮಕ್ಕಳಿಗೆ ಉಪವಾಸ ಕೆಡವುವುದೇ ಚಿಕಿತ್ಸೆ. ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಇನ್ಸುಲಿನ್ ಅನ್ನು 1922ರ ಜನವರಿ 11ರಂದು ಅವನಿಗೆ ಚುಚ್ಚಲಾಯಿತು. ಅದು ಶುದ್ಧವಿರಲಿಲ್ಲ, ಸರಿಯಾಗಿ ಹತ್ತಲಿಲ್ಲ. ಅವರ ಜೊತೆಗಿದ್ದ ರಸಾಯನ ತಜ್ಞ ಜೇಮ್ಸ್ ಕಾಲಿಪ್ ಹಗಲು ರಾತ್ರಿ ಕೂತು ಶುದ್ಧಮಾಡಿಕೊಟ್ಟರು. ಜನವರಿ 23ಕ್ಕೆ ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಆಮೇಲೆ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಎಲ್ಲರಿಗೂ ಸಿಗಲಿ ಅಂತ ಬಿಟ್ಟುಕೊಟ್ಟ ಆ ಔಷಧದ ಬಾಟ್ಲಿ ಫ್ರಿಜ್ಜಿನಿಂದ ತೆಗೆದು ಕೊಡುವಾಗ ನನಗೆ ಈಗಲೂ ಅವರ ನೆನಪಾಗುತ್ತದೆ.

ಬೇಸಿಗೆಗೆ ಮೊದಲೇ ಆ ತಾಯಿಗೆ ಒಂದು ವಿಷಯ ತಿಳಿಸು. ಕರೆಂಟು ಹೋದಾಗ ಇನ್ಸುಲಿನ್ ಬಾಟ್ಲಿಯನ್ನು ನೀರು ಸೋಕದ ಡಬ್ಬಿಯಲ್ಲಿಟ್ಟು, ತಂಪು ಮಣ್ಣಿನ ಗಡಿಗೆಯೊಳಗೆ ಇಡಲಿ. ಫ್ರೀಜರಿನಲ್ಲಿ ಮಾತ್ರ ಬೇಡ. ಹೆಪ್ಪುಗಟ್ಟಿದ್ದು ಕೆಟ್ಟ ಹಾಗೇ.

ಬಸ್ಸಿನಲ್ಲಿ ಬರುವವರ ಕೈಗೆ ಒಂದು ಗ್ಲುಕೋಮೀಟರ್, ಸ್ಟ್ರಿಪ್ ಡಬ್ಬಿ, ಎರಡು ಗ್ಲುಕೋಸ್ ಪ್ಯಾಕೆಟ್ ಕೊಟ್ಟು ಕಳಿಸುತ್ತಿದ್ದೇನೆ. ತಾಯಿ ಒಪ್ಪಿದ ಮೇಲೆ ಅದು ಶಾಲೆಯಲ್ಲಿ ಆ ಹುಡುಗಿಗಾಗಿ ಇರಲಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕು, ಗಾಳಿಗೆ ಕೆಡುತ್ತವೆ. ಬೇರೆ ಮಕ್ಕಳ ಬೆರಳು ನೀನಾಗಿ ಚುಚ್ಚಬೇಡ. ಅನುಮಾನ ಬಂದರೆ ಪಾಲಕರನ್ನು ಕರೆಸಿ ಅವತ್ತೇ ಆರೋಗ್ಯ ಕೇಂದ್ರಕ್ಕೆ ಕಳಿಸು. ಹೋದರೋ ಇಲ್ಲವೋ ಅಂತ ಸಂಜೆ ವಿಚಾರಿಸು. ಅವರು ಹಿಂದೆ ಮುಂದೆ ನೋಡಿದರೆ ನನಗೆ ಫೋನ್ ಹಚ್ಚಿ ಅವರ ಕೈಗೆ ಕೊಡು. ಅಂಗಡಿಯಲ್ಲಿ ಎಷ್ಟೇ ಗಿರಾಕಿಗಳಿದ್ದರೂ ಮಾತಾಡುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ